ಪಟ್ಟಿಯಲ್ಲಿರುವ ಹೆಸರನ್ನೇ ಬರೆಸಿ
(ದೊಡ್ಡಗದ್ದವಳ್ಳಿ ಸಭೆಯಲ್ಲಿ ಮಾಡಿದ ಭಾಷಣ)

ಅಂಗಡಿಹಳ್ಳಿಯಿಂದ ಬಂದಿರುವ ಹಕ್ಕಿಪಿಕ್ಕಿ ಹಿರಿಯರೇ,

ಚಾಮರಾಜನಗರ ಕಡೆಯ ಬೆಟ್ಟ ಕುರುಬರು ತಲೆತಲಾಂತರದಿಂದ ಕಾಡಿನವರು. ಆದರೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇದ್ದದ್ದು ‘ಕಾಡು ಕುರುಬ’ ಅಂತ. ಶಾಲೆಯಲ್ಲಿ ‘ಬೆಟ್ಟ ಕುರುಬ’ ಎಂದು ಬರೆಸಿದ ಮಕ್ಕಳಿಗೆ ಜಾತಿ ಪ್ರಮಾಣಪತ್ರ ಸಿಗುವುದೇ ಕಷ್ಟವಾಯಿತು. ಪಟ್ಟಿ ತಿದ್ದುವ ಅಧಿಕಾರ ತಹಶೀಲ್ದಾರರಿಗಿಲ್ಲ, ರಾಜ್ಯ ಸರ್ಕಾರಕ್ಕೂ ಇಲ್ಲ. ಒಂದು ಹೆಸರಿಗಾಗಿ ಪಾರ್ಲಿಮೆಂಟಿನವರೆಗೆ ಹೋಗಬೇಕಾಯಿತು. 2022ರ ಡಿಸೆಂಬರಿನಲ್ಲಿ ಮಸೂದೆ ಪಾಸಾಯಿತು.

ಹಕ್ಕಿಪಿಕ್ಕಿ ಹೆಸರು ಪಟ್ಟಿಯಲ್ಲಿ ಮೊದಲೇ ಇದೆ. ಆದರೆ ಊರೂರು ಅಲೆದು ಬದುಕಿದವರ ಹತ್ತಿರ ಅಜ್ಜನ ಕಾಗದಪತ್ರ ಎಲ್ಲಿಂದ ಬರಬೇಕು ಹೇಳಿ? ಸ್ಥಳ ವಿಚಾರಣೆಗೆ ಬಂದಾಗ ನೀವು, ಹಿರಿಯರು, ಮುಂದೆ ಬಂದು ಹೇಳಿಕೆ ಕೊಡಬೇಕು. ಮಗುವನ್ನ ಶಾಲೆಗೆ ಸೇರಿಸುವ ದಿನವೇ ದಾಖಲೆಯಲ್ಲಿ ಏನು ಬರೆದಿದ್ದಾರೆ ಅಂತ ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ಸರಿಮಾಡಿಸಿ. ಹತ್ತನೇ ಕ್ಲಾಸಿನವರೆಗೆ ಬಿಡಬೇಡಿ.