ಧರ್ಮಾಸ್ಪತ್ರೆ ಯಾರದು?



ಸರಕಾರಿ ದವಾಖಾನೆಯನ್ನು ಹಳಬರು ‘ಧರ್ಮಾಸ್ಪತ್ರೆ’ ಎನ್ನುವುದುಂಟು. ಧರ್ಮವೆಂದರೆ ಅವರ ಮಾತಿನಲ್ಲಿ ಪುಕ್ಕಟೆ. ಯಾರೋ ಪುಣ್ಯಾತ್ಮರು ಕೊಡುತ್ತಾರೆ, ನಾವು ಕೈಯೊಡ್ಡಿ ತೆಗೆದುಕೊಳ್ಳುತ್ತೇವೆ ಎಂಬ ಭಾವನೆ. ಇದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಅಲ್ಲಿಯ ವೈದ್ಯರ ಪಗಾರ, ಔಷಧ, ಹಾಸಿಗೆ ಎಲ್ಲಿಂದ ಬಂದವು? ಆಕಾಶದಿಂದ ಉದುರಲಿಲ್ಲ. ಶ್ರೀಮಂತನು ಆದಾಯದ ಮೇಲೆ ತೆರಿಗೆ ಕೊಡುತ್ತಾನೆ, ನಿಜ. ಕೂಲಿಯ ಹೆಣ್ಣುಮಗಳು ಸೋಪು, ಬೆಂಕಿಪೊಟ್ಟಣ ಕೊಂಡಾಗ ಅವಳೂ ತೆರಿಗೆ ಕೊಡುತ್ತಾಳೆ. ಅಂದಮೇಲೆ ಅವಳು ಆ ಬಾಗಿಲಲ್ಲಿ ಭಿಕ್ಷೆಗೆ ನಿಂತವಳಲ್ಲ. ಆ ಮನೆಯ ಒಡತಿಯರಲ್ಲಿ ಒಬ್ಬಳು.

“ನಾವು ಗಟ್ಟಿಯಾಗಿದ್ದೇವೆ, ಮತ್ತೊಬ್ಬರ ಜಡ್ಡಿಗೆ ನಾವೇಕೆ ಹಣ ಕೊಡಬೇಕು?” ಎಂದು ಕೇಳುವವರಿದ್ದಾರೆ. ಬೆವರು ಸುರಿಸಿ ಗಳಿಸಿದವನು ಹೀಗೆ ಕೇಳಿದರೆ ಸಿಟ್ಟಾಗಬಾರದು, ಉತ್ತರ ಕೊಡಬೇಕು. ಉತ್ತರ ನಮ್ಮ ನಾಡಿನಲ್ಲೇ ಇದೆ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ನಡೆಯತೊಡಗಿತು. ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5. ಜೊತೆಗೆ ಸರಕಾರದ ನೆರವು. ಲಕ್ಷ ಲಕ್ಷ ಜನ ಸೇರಿದರು. ಅವರಲ್ಲಿ ಶಸ್ತ್ರಚಿಕಿತ್ಸೆ ಬೇಕಾದವರು ಕೆಲವರೇ. ಉಳಿದವರ ಹಣ ವ್ಯರ್ಥವಾಯಿತೇ? ಇಲ್ಲ. ಅದು ಯಾರದೋ ಹೊಲ ಮಾರಾಟವಾಗದಂತೆ ಕಾಯಿತು. ಬರೀ ರೋಗಿಗಳೇ ಹಣ ಹಾಕಿದರೆ ಆ ಗಂಟು ನಾಲ್ಕು ದಿನಕ್ಕೆ ಬರಿದು. ಗಟ್ಟಿಯಾಗಿರುವವನು ಕೊಟ್ಟರೆ ಮಾತ್ರ ಅದು ಉಳಿಯುತ್ತದೆ. ನಾಳೆ ಅವನಿಗೂ ಒದಗುತ್ತದೆ.

ಆದರೆ ಒಂದು ಕೊರತೆ ನೋಡಿರಿ. ಸಂಘದ ಸದಸ್ಯನಲ್ಲದ ಕೂಲಿಯವನ ಗತಿ ಏನು? ಶಸ್ತ್ರಚಿಕಿತ್ಸೆಯಲ್ಲ, ದಿನನಿತ್ಯದ ಗುಳಿಗೆ ಬೇಕಾದವನ ಗತಿ ಏನು? ಆದುದರಿಂದಲೇ ಎಲ್ಲರ ತೆರಿಗೆಯಿಂದ, ಎಲ್ಲರಿಗೂ, ಎಂಬ ಮಾತು ಬಂತು. ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ ಜನರೇ ಕಿಸೆಯಿಂದ ತೆತ್ತದ್ದು 2014–15ರಲ್ಲಿ ಸುಮಾರು 63 ಎಂದು ಸರಕಾರದ ಲೆಕ್ಕವಿದೆ. 2021–22ಕ್ಕೆ ಅದು ಸುಮಾರು 39ಕ್ಕೆ ಇಳಿಯಿತು. ಇಳಿದದ್ದು ಸಂತೋಷ, ಆದರೆ ಸಾಲ ಮಾಡಿ ತರುವವನಿಗೆ ಆ 39 ಕೂಡ ಬೆಟ್ಟವೇ.

ದಾಸೋಹದ ಪಂಕ್ತಿಯನ್ನು ನೆನೆಯಿರಿ. ಚೀಲ ಜೋಳ ತಂದವನೂ ಹಿಡಿ ಜೋಳ ತಂದವಳೂ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಉಳ್ಳವನು ಹೆಚ್ಚು ತಂದನೆಂದು ಎರಡು ಎಲೆ ಹಾಕುವುದಿಲ್ಲ. ಏನೂ ತರದವನನ್ನು ಎಬ್ಬಿಸುವುದಿಲ್ಲ. ದವಾಖಾನೆಯೂ ಹಾಗಿರಬೇಕು.

ಹಾಗಿರಬೇಕಾದರೆ ನಮ್ಮ ಪಾಲೂ ಇದೆ. ಉಳ್ಳವರು ಸುಳ್ಳು ಹೇಳಿ ಬಡವರ ಕಾರ್ಡು ಪಡೆಯಬಾರದು, ತೆರಿಗೆಯನ್ನು ಮರೆಮಾಚಬಾರದು. ಊರ ಹಿರಿಯರು “ನಮಗೆ ಖಾಸಗಿ ಆಸ್ಪತ್ರೆ ಇದೆ” ಎಂದು ಸುಮ್ಮನಿರಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದಾರೆಯೇ, ಔಷಧವಿದೆಯೇ ಎಂದು ಹೋಗಿ ಕೇಳಬೇಕು. ಭಿಕ್ಷೆ ಬೇಡುವವನು ಲೆಕ್ಕ ಕೇಳಲಾರ. ಒಡೆಯನು ಕೇಳುತ್ತಾನೆ. ಆ ಮನೆಗೆ ನಾವೆಲ್ಲರೂ ಒಡೆಯರು ಎಂಬುದನ್ನು ಇಲ್ಲಿಂದ ಎದ್ದು ಹೋಗುವಾಗ ಮರೆಯದಿರಿ.