ಚಾವಿ ನಿಮ್ಮ ಕೈಯಲ್ಲೇ ಇರಲಿ

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತುಗಳು)



ಗೌರವಾನ್ವಿತ ದಾನಿಗಳೇ, ಬೆಳಗಾವಿಯ ಗಲ್ಲಿಗಳಿಂದಲೂ ಖಾನಾಪುರ, ನಂದಗಡ, ಲೋಂಡಾ ಕಡೆಯಿಂದಲೂ ಬಂದಿರುವ ಪಾಲಕರೇ, ವಿದ್ಯಾರ್ಥಿ ಮಿತ್ರರೇ,

ಇಂದು ಮೊಬೈಲು, ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ವಿದ್ಯಾರ್ಥಿವೇತನದ ಸಭೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲಿ ಕುಳಿತವರಲ್ಲಿ ಹೊಲಿಗೆಯವರಿದ್ದೀರಿ, ಗ್ಯಾರೇಜ್ ನಡೆಸುವವರಿದ್ದೀರಿ, ಬೇಕರಿ, ಹಣ್ಣಿನ ಗಾಡಿ ಇಟ್ಟವರಿದ್ದೀರಿ, ಉದ್ಯಮಬಾಗದ ಕಾರ್ಖಾನೆಗಳಲ್ಲಿ, ಊರಿನ ಕಚೇರಿಗಳಲ್ಲಿ ಪಗಾರಕ್ಕೆ ದುಡಿಯುವವರಿದ್ದೀರಿ. ದುಡಿಮೆ ಬೇರೆ ಬೇರೆ ಇರಬಹುದು. ಆದರೆ ಅಂಗಡಿಯ ಗಲ್ಲಾ, ಬ್ಯಾಂಕಿನ ಪಾಸ್‌ಬುಕ್ಕು, ಮಗಳ ಕಾಲೇಜಿನ ಅರ್ಜಿ, ಎಲ್ಲವೂ ಈಗ ಒಂದೇ ಫೋನಿನೊಳಗೆ ಬಂದು ಕುಳಿತಿವೆ.

ನಮ್ಮ ಹಿರಿಯರು ಗಲ್ಲಾಪೆಟ್ಟಿಗೆಯ ಚಾವಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಈ ಹೊಸ ಪೆಟ್ಟಿಗೆಯ ಚಾವಿ ಮಾತ್ರ ಬಹಳ ಮನೆಗಳಲ್ಲಿ ಬೇರೆಯವರ ಹತ್ತಿರ ಇದೆ. ಸೈಬರ್ ಸೆಂಟರಿನ ಹುಡುಗನಿಗೆ ಪಾಸ್‌ವರ್ಡ್ ಗೊತ್ತು, ನಮಗೆ ಗೊತ್ತಿಲ್ಲ. ಅಂಗಡಿಯ ಇ-ಮೇಲ್ ಕೆಲಸ ಬಿಟ್ಟುಹೋದವರ ನಂಬರಿನ ಮೇಲಿದೆ. ಅವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಆದರೆ ಬೇಕಾದ ದಿನ ಅವರು ಸಿಗದಿದ್ದರೆ ಮಗುವಿನ ಒಂದು ವರ್ಷವೇ ಹೋಗುತ್ತದೆ.

ಮೊದಲನೆಯದು: ನಂಬರು

ಅರ್ಜಿಗಳನ್ನು ನೋಡುವಾಗ ನಾವು ಮೊದಲು ಕೇಳುವ ಪ್ರಶ್ನೆ, "ಈ ಮೊಬೈಲ್ ನಂಬರು ಯಾರದು?" ಸರಕಾರದ ಎಸ್‌ಎಸ್‌ಪಿ ಇರಲಿ, ಕೇಂದ್ರದ ಎನ್‌ಎಸ್‌ಪಿ ಇರಲಿ, ಓಟಿಪಿ ಬರುವುದು ಅರ್ಜಿಯಲ್ಲಿ ಅಥವಾ ಆಧಾರಿನಲ್ಲಿ ಕೊಟ್ಟ ನಂಬರಿಗೆ. ಅದು ಅರ್ಜಿ ತುಂಬಿದವರದ್ದಾಗಿದ್ದರೆ, "ದಾಖಲೆ ಸರಿಪಡಿಸಿ" ಎಂಬ ಸಂದೇಶ ಅವರ ಫೋನಿಗೆ ಹೋಗುತ್ತದೆ, ನಿಮಗೆ ತಿಳಿಯುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ.

ಮನೆಯಲ್ಲಿ ಒಂದು ನಂಬರನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ತಾಯಿಯ ನಂಬರಾದರೆ ಇನ್ನೂ ಒಳ್ಳೆಯದು, ಕೆಲಸಕ್ಕೆಂದು ಗೋವಾಕ್ಕೋ ಪುಣೆಗೋ ಹೋದವರ ಫೋನಿನಲ್ಲಿ ಓಟಿಪಿ ಹುಡುಕುವ ಕಷ್ಟ ತಪ್ಪುತ್ತದೆ. ಆ ಸಿಮ್ ಮನೆಯವರ ಹೆಸರಿನಲ್ಲೇ ಇರಲಿ. ರೀಚಾರ್ಜ್ ನಿಲ್ಲಿಸಬೇಡಿ. ಬಹಳ ದಿನ ಬಳಸದ ನಂಬರನ್ನು ಕಂಪನಿಯವರು ನಿಲ್ಲಿಸುತ್ತಾರೆ, ಕೆಲ ತಿಂಗಳಾದ ಮೇಲೆ ಅದು ಬೇರೆಯವರಿಗೆ ಹೋಗುತ್ತದೆ. ಆಗ ನಿಮ್ಮ ಬ್ಯಾಂಕಿನ ಓಟಿಪಿಯೂ ಅವರ ಫೋನಿಗೇ ಹೋಗಬಹುದು. ನಂಬರು ಬದಲಾದರೆ ಆಧಾರಿನಲ್ಲೂ ಬ್ಯಾಂಕಿನಲ್ಲೂ ಆ ವಾರವೇ ಬದಲಿಸಿ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಪುಕ್ಕಟೆಯಾಗಿ ನೋಡಬಹುದು. ನಿಮ್ಮದಲ್ಲದ ನಂಬರು ಕಂಡರೆ ಅಲ್ಲೇ ತಿಳಿಸಬಹುದು. ಫೋನು ಕಳೆದರೆ ಅದನ್ನು ಬೇರೆಯವರು ಬಳಸದಂತೆ ತಡೆಯುವ ಅರ್ಜಿಯೂ ಅಲ್ಲೇ ಇದೆ.

ಎರಡನೆಯದು: ಹಣ ಬರುವ ಖಾತೆ

"ವಿದ್ಯಾರ್ಥಿವೇತನ ಮಂಜೂರಾಗಿದೆ ಅಂತಾರೆ, ಖಾತೆಗೆ ಬಂದಿಲ್ಲ" ಎಂಬ ದೂರು ನಾವು ಪ್ರತಿ ವರ್ಷ ಕೇಳುತ್ತೇವೆ. ಇದರ ಹಿಂದೆ ಹೆಚ್ಚಾಗಿ ಒಂದೇ ಕಾರಣ. ಸರಕಾರದ ಹಣ ಈಗ ಆಧಾರ್ ನಂಬರಿನ ಮೂಲಕ ಬರುತ್ತದೆ. ಒಬ್ಬರಿಗೆ ಮೂರು ಬ್ಯಾಂಕ್ ಖಾತೆಗಳಿದ್ದರೂ ಆಧಾರಿಗೆ ಹಣ ಬರುವಂತೆ ಜೋಡಣೆಯಾಗಿರುವುದು ಒಂದೇ ಬ್ಯಾಂಕ್. ಕೊನೆಗೆ ಜೋಡಿಸಿದ್ದು ಯಾವುದೋ ಅಲ್ಲಿಗೆ ಹಣ ಹೋಗುತ್ತದೆ. ಹೊಸ ಖಾತೆ ತೆರೆಯುವಾಗ ಆ ಫಾರ್ಮಿನಲ್ಲಿ ಒಂದು ಗುರುತು ಹಾಕಿದರೂ ಸಾಕು, ಜೋಡಣೆ ಅತ್ತ ಹೊರಳಿಬಿಡುತ್ತದೆ. ಮಗಳು ಹಳೆಯ ಖಾತೆಯಲ್ಲಿ ಕಾಯುತ್ತಿರುತ್ತಾಳೆ, ಹಣ ಹೊಸ ಖಾತೆಯಲ್ಲಿ ಬಿದ್ದಿರುತ್ತದೆ.

ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ಟಿದ್ದೇವೆ ಎಂದರೆ ಈ ಜೋಡಣೆ ಆಯಿತೆಂದಲ್ಲ. "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿ" ಎಂದೇ ಬರೆದು ಕೊಡಿ. ಆಗಿದೆಯೋ ಇಲ್ಲವೋ ಎಂಬುದನ್ನು ಮೈ ಆಧಾರ್ ಜಾಲತಾಣದಲ್ಲಿ ನೀವೇ ನೋಡಬಹುದು. ಎಷ್ಟು ಹಣ, ಯಾವ ಖಾತೆಗೆ ಬಂತು ಎಂಬುದು ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಕಾಣುತ್ತದೆ.

ಇನ್ನೊಂದು ಮಾತು, ನಮ್ಮ ಟ್ರಸ್ಟಿನ ಅರ್ಜಿಗೂ ಅನ್ವಯಿಸುವಂಥದ್ದು. ಬ್ಯಾಂಕುಗಳು ವಿಲೀನವಾಗಿವೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿತು. ನಮ್ಮ ಭಾಗದ ಹಳ್ಳಿಗಳಿಗೆ ಪರಿಚಯದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ನೋಡಿ ಅರ್ಜಿ ತುಂಬಬೇಡಿ. ಶಾಖೆಯಲ್ಲಿ ಕೇಳಿ, ಈಗಿನದನ್ನು ಬರೆಯಿರಿ.

ಮೂರನೆಯದು: ಅಂಗಡಿಯ ಲೆಕ್ಕ

2025ರ ಜುಲೈ ತಿಂಗಳು ಸಣ್ಣ ವ್ಯಾಪಾರಸ್ಥರಿಗೆಲ್ಲ ನೆನಪಿರಬೇಕು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಅಂಗಡಿಕಾರರಿಗೆ ನೋಟಿಸು ಕಳಿಸಿತು. ಚಹಾದಂಗಡಿ, ಬೇಕರಿ, ತರಕಾರಿ ಅಂಗಡಿಯವರೂ ಗಾಬರಿಯಾದರು. ಕೆಲವರು ಕ್ಯುಆರ್ ಕೋಡ್ ಕಿತ್ತುಹಾಕಿ "ನಗದು ಮಾತ್ರ" ಎಂದು ಬೋರ್ಡು ಹಾಕಿದರು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಸ್ಥರನ್ನು ಕರೆದು ಮಾತನಾಡಬೇಕಾಯಿತು.

ಕ್ಯುಆರ್ ಕಿತ್ತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದರಿಂದ ಲಾಭವಿಲ್ಲ. ನಿಯಮ ತಿಳಿದುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ಬೇಕಿಲ್ಲ. ಆದರೆ ನಾನು ಮಾರಿದ್ದು ತರಕಾರಿಯೇ ಎಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಅಣ್ಣ ಕಳಿಸಿದ ಹಣ, ಸ್ನೇಹಿತ ತೀರಿಸಿದ ಸಾಲ, ಮದುವೆಗೆ ಬಂದ ಕೈಗಡ, ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರ, ಯಾವುದು ಮನೆಯದು ಎಂದು ಹೇಳುವವರು ಯಾರು?

ಆದ್ದರಿಂದ ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ಕ್ಯುಆರ್ ಕೋಡ್ ಅಂಗಡಿಯ ಖಾತೆಯದೇ ಇರಲಿ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಹತ್ತು ನಿಮಿಷ ಕೂತು ಅಂದಿನ ಮಾರಾಟ, ಖರೀದಿ, ಉದ್ರಿ ಬರೆದಿಡಿ. ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಫೋನಿನಲ್ಲಿ ಪುಕ್ಕಟೆ ಸಿಗುವ ಎಕ್ಸೆಲ್‌ನಂಥ ಹಾಳೆ ಸಾಕು, ಹಳೆಯ ಕಿರ್ದಿ ಪುಸ್ತಕವೂ ಸಾಕು. ಪುಸ್ತಕವಾದರೆ ವಾರಕ್ಕೊಮ್ಮೆ ಪುಟದ ಫೋಟೋ ತೆಗೆದಿಡಿ. ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ ಎಂಬುದು ನಿಮಗೆ ತಿಳಿದ ಸಂಗತಿ. ಬರೆದಿಡುವುದು ನಮಗೆ ಹೊಸದಲ್ಲ, ಬರೆಯುವ ಹಾಳೆ ಮಾತ್ರ ಹೊಸದು.

ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ನಡೆಯುತ್ತಿದೆ. ಸರಕಾರದ ಜಾಲತಾಣದಲ್ಲಿ ಅದಕ್ಕೆ ಒಂದು ರೂಪಾಯಿಯೂ ಇಲ್ಲ. ಅದೇ ಹೆಸರಿನಂತೆ ಕಾಣುವ ಖಾಸಗಿ ಜಾಲತಾಣಗಳು ಶುಲ್ಕ ಕೇಳುತ್ತವೆ. ಕೊಡಬೇಡಿ.

ನಾಲ್ಕನೆಯದು: ಕಾಗದಪತ್ರ

2019ರ ಆಗಸ್ಟ್ ತಿಂಗಳ ನೆರೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಗೋಡೆ ಕಟ್ಟಬಹುದು, ಹಸಿಯಾದ ಅಂಕಪಟ್ಟಿಯ ಅಕ್ಷರ ಮರಳಿ ಬರುವುದಿಲ್ಲ. ಖಾನಾಪುರದ ಮಳೆ ನಿಮಗೆ ಹೇಳಿಕೊಡಬೇಕಾಗಿಲ್ಲ.

ಮುಖ್ಯ ಕಾಗದಗಳು ಮೂರು ಕಡೆ ಇರಲಿ: ಮೂಲ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ, ಸ್ಕ್ಯಾನ್ ಮಾಡಿದ್ದು ಫೋನಿನಲ್ಲಿ, ಇನ್ನೊಂದು ನಿಮ್ಮದೇ ಇ-ಮೇಲ್ ಅಥವಾ ಡ್ರೈವಿನಲ್ಲಿ. ಸರಕಾರದ ಡಿಜಿಲಾಕರ್‌ನಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂಥ ದಾಖಲೆಗಳು ಸಿಗುತ್ತವೆ, ಅಲ್ಲಿ ಇಲಾಖೆಯೇ ಕೊಟ್ಟ ಪ್ರತಿಗೆ ಕಾನೂನಿನಲ್ಲಿ ಮೂಲ ಪ್ರತಿಯ ಮಾನ್ಯತೆ ಇದೆ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು ಬೇರೆ ಬರೆದಿಡಿ. ಎಸ್‌ಎಸ್‌ಪಿ ಅರ್ಜಿಗೆ ಅದೇ ಬೇಕು.

ಹೆಸರಿನ ಅಕ್ಷರಗಳನ್ನು ಇಂದೇ ತಾಳೆ ನೋಡಿ. ಶಾಲೆಯ ದಾಖಲೆಯಲ್ಲಿ ಮೊಹಮ್ಮದ್ ಪೂರ್ತಿ, ಆಧಾರಿನಲ್ಲಿ ಬರೀ ಎಂಡಿ. ಒಂದರಲ್ಲಿ ಶೇಖ್ ಮೊದಲು, ಇನ್ನೊಂದರಲ್ಲಿ ಕೊನೆಗೆ. ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ಮಕ್ಕಳು. ಹತ್ತನೆಯ ಇಯತ್ತೆಗೆ ಮೊದಲೇ ಸರಿಪಡಿಸಿದರೆ ಸುಲಭ. ಮಗುವಿಗೆ 5 ವರ್ಷ ತುಂಬಿದಾಗ, ಮತ್ತೆ 15 ತುಂಬಿದಾಗ ಆಧಾರಿಗೆ ಹೊಸದಾಗಿ ಬೆರಳಚ್ಚು ಕೊಡಬೇಕು ಎಂಬುದೂ ನೆನಪಿರಲಿ.

ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಯುವಕ ಯುವತಿಯರಿಗೆ ಒಂದು ಮಾತು. ಕನ್ನಡ ಪತ್ರವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಕಚೇರಿಯ ಪಾಸ್‌ವರ್ಡನ್ನು ಮನೆಯ ಕೆಲಸಕ್ಕೆ ಬಳಸಬೇಡಿ. ಕೆಲಸ ಬಿಡುವ ದಿನ ಕಚೇರಿಯ ಚಾವಿಗಳನ್ನೆಲ್ಲ ಒಪ್ಪಿಸಿಯೇ ಹೊರಡಿ. ಅದೂ ಅಮಾನತ್.

ಕೊನೆಯದು: ಹೆದರಿಸುವ ಕರೆ

2025ರ ಮಾರ್ಚ್‌ನಲ್ಲಿ ನಮ್ಮದೇ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಯಸ್ಸಾದ ದಂಪತಿ ಪ್ರಾಣ ಕಳೆದುಕೊಂಡರು. ದೂರಸಂಪರ್ಕ ಇಲಾಖೆಯವರು ಎಂದು ಹೇಳಿಕೊಂಡವರು ಕರೆ ಮಾಡಿ, ನಿಮ್ಮ ಹೆಸರಿನ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ, ಬಂಧಿಸುತ್ತೇವೆ ಎಂದು ಬೆದರಿಸಿ ಲಕ್ಷಾಂತರ ರೂಪಾಯಿ ಕಿತ್ತಿದ್ದರು. ಆ ಹಿರಿಯರು ಯಾರಿಗೂ ಕೇಡು ಮಾಡಿದವರಲ್ಲ. ಹೆದರಿಕೆಯನ್ನು ಒಬ್ಬರೇ ಹೊತ್ತರು.

ಗಟ್ಟಿಯಾಗಿ ನೆನಪಿಡಿ. ಭಾರತದ ಕಾನೂನಿನಲ್ಲಿ "ಡಿಜಿಟಲ್ ಅರೆಸ್ಟ್" ಎಂಬುದೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ. "ಯಾರಿಗೂ ಹೇಳಬೇಡಿ" ಎಂದರೆ ಅದು ಮೋಸವೇ. ಫೋನು ಇಟ್ಟು ಮನೆಯವರಿಗೆ, ಪಕ್ಕದವರಿಗೆ, ಜಮಾತಿನ ಹಿರಿಯರಿಗೆ ಹೇಳಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಕೇಳಿದರೆ ನಿಮ್ಮ ಹಣ ಹೋಗುತ್ತಿದೆ ಎಂದೇ ಅರ್ಥ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಖಾತೆಗೆ ಬಂತೇ ನೋಡಿ. ಹಣ ಹೋದರೆ ಅಂದೇ, ಆ ಗಳಿಗೆಯೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮೋಸ ಹೋದವರನ್ನು ಯಾರೂ ಹಂಗಿಸಬೇಡಿ. ನಾಚಿಕೆಯಿಂದ ಸುಮ್ಮನಿದ್ದವರೇ ಹೆಚ್ಚು ಕಳೆದುಕೊಂಡಿದ್ದಾರೆ.

ದಾನಿಗಳೇ, ನೀವು ಕೊಟ್ಟ ಒಂದೊಂದು ರೂಪಾಯಿಯೂ ನಮ್ಮಲ್ಲಿರುವ ಅಮಾನತ್. ಅದು ತಪ್ಪು ಖಾತೆಯಲ್ಲಿ ನಿಂತರೆ ಶುಲ್ಕ ಕಟ್ಟಲಾಗದೆ ಒಬ್ಬ ಮಗಳು ಮನೆಯಲ್ಲಿ ಉಳಿಯುತ್ತಾಳೆ. ಅದಕ್ಕೇ ಇಷ್ಟೆಲ್ಲ ಹೇಳಿದೆವು.

ಪಾಲಕರು ಮುಂದಿನ ಸಲ ಅರ್ಜಿ ತರುವಾಗ ಮನೆಯವರ ಹೆಸರಿನ ಚಾಲ್ತಿ ನಂಬರು, ಆಧಾರ್ ಸೀಡಿಂಗ್ ಆದ ಖಾತೆಯ ಈಗಿನ ವಿವರ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಹೆಸರು ಒಂದೇ ರೀತಿ ಇರುವ ದಾಖಲೆಗಳನ್ನು ತನ್ನಿ. ಯಾವುದಾದರೂ ಇಲ್ಲದಿದ್ದರೂ ಬನ್ನಿ, ಕೂತು ಸರಿಪಡಿಸೋಣ. ನಿಮ್ಮ ಓಟಿಪಿ, ಪಿನ್ ಅನ್ನು ಮಾತ್ರ ನಮಗೂ ಹೇಳಬೇಡಿ. ಇಂದು ವಿದ್ಯಾರ್ಥಿವೇತನ ಪಡೆದ ಮಕ್ಕಳಲ್ಲಿ ನಮ್ಮ ಕೋರಿಕೆ ಒಂದೇ: ಈ ವಾರ ನಿಮ್ಮ ಗಲ್ಲಿಯ ಒಂದು ಮನೆಗೆ ಹೋಗಿ, ಒಂದು ತಾಸು ಕೂತು, ಇದನ್ನೆಲ್ಲ ಅವರ ಕೈಯಿಂದಲೇ ಮಾಡಿಸಿ. ನೀವು ಮಾಡಿಕೊಡಬೇಡಿ, ಕಲಿಸಿಕೊಡಿ.

ಅಲ್ಲಾಹನು ನಿಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ವಸ್ಸಲಾಮ್.