ನ್ಯಾಯದಾನದಲ್ಲಿ ಜನನ ದಾಖಲೆಯ ಮಹತ್ವ



ಭಾರತ ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ಆಡಳಿತವು ರಾಜ್ಯಪಟ್ಟಿಗೆ ಸೇರಿದ ವಿಷಯವಾಗಿದೆ. ಅಪರಾಧಗಳ ತನಿಖೆ ಪೊಲೀಸರ ಹೊಣೆಯೇ ಹೊರತು ನಗರಪಾಲಿಕೆಯದಾಗಲಿ ಗ್ರಾಮ ಪಂಚಾಯಿತಿಯದಾಗಲಿ ಅಲ್ಲ. ಆದರೂ ನ್ಯಾಯದಾನದ ಒಂದು ಗಹನವಾದ ಪ್ರಶ್ನೆಗೆ ಉತ್ತರವು ಅನೇಕ ವೇಳೆ ಈ ಸ್ಥಳೀಯ ಸಂಸ್ಥೆಗಳ ದಾಖಲೆಗಳಲ್ಲಿಯೇ ಅಡಗಿರುತ್ತದೆ. ಆ ಪ್ರಶ್ನೆಯು ಆರೋಪಿಯ ವಯಸ್ಸಿಗೆ ಸಂಬಂಧಿಸಿದುದು.

2015ರ ಬಾಲನ್ಯಾಯ ಅಧಿನಿಯಮವು 2016ರ ಜನವರಿ 15ರಂದು ಜಾರಿಗೆ ಬಂದಿತು. ಅದರಂತೆ, ಕೃತ್ಯ ನಡೆದ ದಿನ 18 ವರ್ಷ ತುಂಬಿರದವರನ್ನು ಬಾಲಕರೆಂದೇ ಪರಿಗಣಿಸತಕ್ಕದ್ದು. ಅಂಥ ಮಕ್ಕಳನ್ನು ಲಾಕಪ್ಪಿನಲ್ಲಾಗಲಿ ಕಾರಾಗೃಹದಲ್ಲಾಗಲಿ ಇರಿಸುವಂತಿಲ್ಲ; ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ವಯಸ್ಸಿನ ಬಗ್ಗೆ ಸಂದೇಹ ಉಂಟಾದಾಗ ಅನುಸರಿಸಬೇಕಾದ ಕ್ರಮವನ್ನು ಅಧಿನಿಯಮದ 94ನೆಯ ಪ್ರಕರಣವು ಸ್ಪಷ್ಟಪಡಿಸುತ್ತದೆ. ಮೊದಲು ಶಾಲೆಯ ಅಥವಾ ಪರೀಕ್ಷಾ ಮಂಡಳಿಯ ಪ್ರಮಾಣಪತ್ರವನ್ನು ನೋಡಬೇಕು. ಅದಿಲ್ಲದಿದ್ದರೆ ಮಹಾನಗರಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ ನೀಡಿದ ಜನನ ಪ್ರಮಾಣಪತ್ರವನ್ನು ಪಡೆಯಬೇಕು. ಇವೆರಡೂ ದೊರೆಯದಿದ್ದಲ್ಲಿ ಮಾತ್ರ ವೈದ್ಯಕೀಯ ಪರೀಕ್ಷೆಗೆ ಅವಕಾಶವುಂಟು. ಎಲುಬಿನ ಬೆಳವಣಿಗೆಯನ್ನು ಆಧರಿಸಿದ ಈ ಪರೀಕ್ಷೆಯು ವಯಸ್ಸಿನ ಅಂದಾಜನ್ನಷ್ಟೇ ನೀಡಬಲ್ಲುದು. ಹದಿನೇಳು ದಾಟಿದ ಬಾಲಕನ ಪಾಲಿಗೆ ಕೆಲವೇ ತಿಂಗಳುಗಳ ವ್ಯತ್ಯಾಸವೂ ನಿರ್ಣಾಯಕವಾಗಬಹುದು.

ಸೊಲ್ಲಾಪುರದಲ್ಲಿ ಜನಿಸಿ, ಕೂಲಿಗಾಗಿ ಊರು ಬಿಟ್ಟ ತಂದೆತಾಯಿಗಳೊಡನೆ ಹೈದರಾಬಾದಿನಲ್ಲಿ ನೆಲೆಸಿದ, ಶಾಲೆಯನ್ನೇ ಕಾಣದ ಕನ್ನಡಿಗ ಬಾಲಕನೊಬ್ಬನನ್ನು ಊಹಿಸಿಕೊಳ್ಳಿ. ಜನನವು ಜನ್ಮಸ್ಥಳದಲ್ಲಿಯೇ ನೋಂದಣಿಯಾಗುವುದರಿಂದ ಅವನ ದಾಖಲೆಯಿರುವುದು ಸೊಲ್ಲಾಪುರದಲ್ಲಿ. ವಿಚಾರಣೆ ನಡೆಯುವುದು ತೆಲಂಗಾಣದಲ್ಲಿ. ಒಂದು ರಾಜ್ಯದ ಮಂಡಳಿ, ಪೊಲೀಸರು ಮತ್ತು ಇನ್ನೊಂದು ರಾಜ್ಯದ ನಗರಾಡಳಿತ ಇವುಗಳ ನಡುವೆ ತ್ವರಿತ ಸಹಕಾರವಿಲ್ಲದಿದ್ದರೆ ಬಾಲಕನು ತನಗೆ ಸಲ್ಲಬೇಕಾದ ರಕ್ಷಣೆಯಿಂದ ವಂಚಿತನಾಗುವ ಭಯವಿದೆ.

ಅಪರಾಧಕ್ಕೆ ಬಲಿಯಾದ ಮಕ್ಕಳ ವಯೋನಿರ್ಣಯಕ್ಕೂ ಇಂಥದೇ ಕ್ರಮವನ್ನು ಅನುಸರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಹೇಳಿದೆ. ಆದುದರಿಂದ ಈ ದಾಖಲೆಯು ಆರೋಪಿಗೆ ಮಾತ್ರವಲ್ಲದೆ ನೊಂದ ಮಗುವಿಗೂ ಆಸರೆಯಾಗಿದೆ.

ಸರ್ಕಾರಗಳ ಸಹಕಾರವು ಫಲಿಸಬೇಕಾದರೆ ಮೊದಲು ದಾಖಲೆ ಇರಬೇಕು. ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಿರಿ. ಹೆಸರಿಲ್ಲದೆ ನೋಂದಣಿಯಾಗಿದ್ದರೆ ಹೆಸರನ್ನು ಅನಂತರ ಸೇರಿಸಿಸಬಹುದು. ಒಂದು ವರ್ಷ ಮೀರಿದ್ದರೂ ಮ್ಯಾಜಿಸ್ಟ್ರೇಟರ ಆದೇಶ ಪಡೆದು ನೋಂದಣಿ ಮಾಡಿಸಲು ಅವಕಾಶವಿದೆ. ಊರು ಬದಲಿಸುವಾಗ ಪ್ರಮಾಣಪತ್ರವನ್ನು ಜೊತೆಯಲ್ಲಿಯೇ ಒಯ್ಯಿರಿ. ಆಪತ್ಕಾಲದಲ್ಲಿ ಆ ಒಂದು ಹಾಳೆಯೇ ಮಗುವಿನ ಪರವಾಗಿ ಸಾಕ್ಷಿ ನುಡಿಯುತ್ತದೆ.